ಕ್ಯಾಲಿಬ್ರೇಷನ್ ಆದಮೇಲೆ ಬೇಸ್ ಎಲ್ಲಿ ಹೋಯಿತು?

ಪ್ರಶ್ನೆ: ಹೋಂ ಥಿಯೇಟರ್ ರಿಸೀವರ್ ಜೊತೆ ಬಂದ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಷನ್ (ಕೋಣೆಯನ್ನು ಅಳೆದು ಸದ್ದನ್ನು ಅದಕ್ಕೆ ತಕ್ಕಂತೆ ಹೊಂದಿಸುವ ಏರ್ಪಾಡು) ಮಾಡಿದೆ. ಮೊದಲು ಎದೆಗೆ ಬಡಿಯುತ್ತಿದ್ದ ಬೇಸ್ ಈಗ ಸೊರಗಿದೆ. ಎರಡೂವರೆ ಮೀಟರ್ ದೂರದಲ್ಲಿರುವ ಸಬ್‌ವೂಫರನ್ನು (ಬೇಸ್‌ಗೆಂದೇ ಇರುವ ಸ್ಪೀಕರ್) ನಾಲ್ಕೂವರೆ ಮೀಟರ್ ಎಂದು ತೋರಿಸುತ್ತಿದೆ. ಈ ಕ್ಯಾಲಿಬ್ರೇಷನ್ ಆಫ್ ಮಾಡಿಬಿಡಲೇ?

ಉತ್ತರ: ಈಗಲೇ ಬೇಡ. ದೂರದ ಲೆಕ್ಕ ಸರಿಯಾಗಿಯೇ ಇದೆ, ಅದನ್ನು ಮುಟ್ಟಬೇಡಿ. ರಿಸೀವರ್ ಟೇಪ್ ಹಿಡಿದು ಅಳೆಯುವುದಿಲ್ಲ. ತಾನು ಕಳಿಸಿದ ಸದ್ದು ಮೈಕ್ ತಲುಪಲು ಹಿಡಿದ ಸಮಯವನ್ನು ಅಳೆಯುತ್ತದೆ. ಸಬ್‌ವೂಫರಿನೊಳಗಿನ ಫಿಲ್ಟರ್, ಪ್ರೊಸೆಸರ್‌ಗಳು ಕೆಲವು ಮಿಲಿಸೆಕೆಂಡ್ ತಿನ್ನುತ್ತವೆ. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ ನಿಮಗೆ ಹೆಚ್ಚಾಗಿ ಕಾಣುತ್ತಿರುವ ಎರಡು ಮೀಟರ್ ಎಂದರೆ ಸುಮಾರು 6 ಮಿಲಿಸೆಕೆಂಡ್ ತಡ, ಅಷ್ಟೆ. ಅದನ್ನು ಎರಡೂವರೆಗೆ "ಸರಿಪಡಿಸಿದರೆ" ಸಬ್ಬಿನ ಸದ್ದು ಉಳಿದ ಸ್ಪೀಕರ್‌ಗಳಿಗಿಂತ ಹಿಂದೆ ಬೀಳುತ್ತದೆ.

ಬೇಸ್ ವಿಷಯಕ್ಕೆ ಬರೋಣ. ನೀವು ಇಷ್ಟು ದಿನ ಕೇಳುತ್ತಿದ್ದದ್ದರಲ್ಲಿ ಒಂದು ಪಾಲು ಸಬ್‌ವೂಫರಿನದಲ್ಲ, ಕೋಣೆಯದು. ಐದು ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಜ್ ಸುತ್ತಮುತ್ತಲಿನ ಸದ್ದು ಎದುರುಬದುರು ಗೋಡೆಗಳ ನಡುವೆ ತಾನೇ ತಾನಾಗಿ ಉಬ್ಬುತ್ತದೆ. ಸೋಫಾ ಹಿಂಗೋಡೆಗೆ ಅಂಟಿದ್ದರಂತೂ ಆ ಉಬ್ಬು ನೇರ ಕಿವಿಗೆ. ಆಗ ಡ್ರಮ್ಮು, ಬೇಸ್ ಗಿಟಾರು, ಸ್ಫೋಟ ಎಲ್ಲಕ್ಕೂ ಒಂದೇ "ಗುಂ". ಕ್ಯಾಲಿಬ್ರೇಷನ್ ಆ ಉಬ್ಬನ್ನು ತಗ್ಗಿಸಿದೆ. ಅದಕ್ಕೇ ಒಗ್ಗಿದ ಕಿವಿಗೆ ಇದು ನಷ್ಟದಂತೆ ಕೇಳಿಸುವುದು ಸಹಜ. ಬೇಸ್ ಗಿಟಾರ್ ಒಂದೊಂದೇ ಸ್ವರ ಇಳಿಯುವ ಹಾಡೊಂದನ್ನು ಹಾಕಿ. ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿದರೆ ಕೆಲಸ ಚೆನ್ನಾಗಿಯೇ ಆಗಿದೆ. ಒಂದು ವಾರ ಹಾಗೇ ಕೇಳಿ.

ಆಮೇಲೂ ಸಪ್ಪೆ ಅನಿಸಿದರೆ ಸ್ಪೀಕರ್ ಸೆಟ್ಟಿಂಗ್ ತೆರೆಯಿರಿ. ಅಳೆಯುವುದರಲ್ಲಿ ಈ ಯಂತ್ರಗಳನ್ನು ನಂಬುತ್ತೇನೆ, ತೀರ್ಮಾನ ತೆಗೆದುಕೊಳ್ಳುವುದರಲ್ಲಿ ಅಷ್ಟಾಗಿ ಇಲ್ಲ. ಮುಂದಿನ ಸ್ಪೀಕರ್‌ಗಳನ್ನು "ಲಾರ್ಜ್" ಎಂದು ಗುರುತಿಸಿದ್ದರೆ ಅವುಗಳ ಬೇಸ್ ಸಬ್ಬಿಗೆ ಹೋಗುತ್ತಲೇ ಇಲ್ಲ. "ಸ್ಮಾಲ್" ಮಾಡಿ, ಕ್ರಾಸ್‌ಓವರ್ (ಯಾವ ಗಡಿಯ ಕೆಳಗಿನ ಸದ್ದು ಸಬ್ಬಿಗೆ ಹೋಗಬೇಕು ಎಂಬುದು) 80 ಹರ್ಟ್ಜ್‌ಗೆ ಇಡಿ. ಯಂತ್ರವೇ 100 ಅಥವಾ 120 ಎಂದಿದ್ದರೆ ಮಾತ್ರ ಇಳಿಸಬೇಡಿ. ಆ ಪುಟ್ಟ ಸ್ಪೀಕರಿಗೆ ಅದಕ್ಕಿಂತ ಕೆಳಗೆ ತ್ರಾಣವಿಲ್ಲ ಎಂದು ಅದರರ್ಥ.

ಇನ್ನೊಂದು ಕಾರಣ ವಾಲ್ಯೂಮ್. ಸದ್ದು ತಗ್ಗಿಸಿದಂತೆಲ್ಲ ನಮ್ಮ ಕಿವಿಗೆ ಮೊದಲು ಮಸುಕಾಗುವುದು ಬೇಸ್. ಡೆನಾನ್, ಮರಾಂಟ್ಜ್ ರಿಸೀವರ್‌ಗಳ ಕ್ಯಾಲಿಬ್ರೇಷನ್ ವ್ಯವಸ್ಥೆಯಾದ ಆಡಿಸ್ಸಿಯಲ್ಲಿ ಇದನ್ನು ತುಂಬಿಕೊಡಲೆಂದೇ ಡೈನಮಿಕ್ ಈಕ್ಯೂ ಇದೆ, ಯಮಾಹಾದಲ್ಲಿ ವೈಪಾವೋ ವಾಲ್ಯೂಮ್ ಇದೆ. ರಾತ್ರಿ ಮೆಲ್ಲಗೆ ಕೇಳುವವರು ಆನ್ ಮಾಡಲೇಬೇಕು. ಅಷ್ಟಾದಮೇಲೂ ಸಬ್ಬಿನ ಮಟ್ಟವನ್ನು ಮೂರು ಡೆಸಿಬೆಲ್ ಏರಿಸಿಕೊಳ್ಳಬೇಕು ಅನಿಸಿದರೆ ಏರಿಸಿ, ಅದು ನಿಮ್ಮ ರುಚಿ, ತಪ್ಪೇನಲ್ಲ.

ಆದರೆ ಅಳತೆಯೇ ಕೆಟ್ಟಿದ್ದರೆ ಇದ್ಯಾವುದೂ ನಡೆಯದು. ಮೈಕನ್ನು ಸೋಫಾದ ಬೆನ್ನಿಗೆ ಆನಿಸಿಟ್ಟಿದ್ದಿರಾ? ಕೈಯಲ್ಲಿ ಹಿಡಿದಿದ್ದಿರಾ? ಹಾಗಿದ್ದರೆ ಮತ್ತೊಮ್ಮೆ ಮಾಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಕೂತಾಗ ಕಿವಿ ಇರುವ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್, ಎಸಿ ಆರಿಸಿ. ಮೊದಲ ಅಳತೆ ನೀವು ದಿನವೂ ಕೂರುವ ಜಾಗದಲ್ಲೇ ಆಗಬೇಕು, ಆಡಿಸ್ಸಿಯಲ್ಲಿ ದೂರವೂ ಮಟ್ಟವೂ ತೀರ್ಮಾನವಾಗುವುದು ಅಲ್ಲಿಂದಲೇ. ಉಳಿದವನ್ನು ಅದರ ಸುತ್ತ ಅರ್ಧ ಮೀಟರಿನೊಳಗೆ ತೆಗೆದುಕೊಳ್ಳಿ, ಕೋಣೆಯ ಮೂಲೆಮೂಲೆಗೆ ಓಡಬೇಡಿ. ಸಬ್ಬಿನ ಹಿಂದಿರುವ ಕ್ರಾಸ್‌ಓವರ್ ತಿರುಗಣೆಯನ್ನು ಪೂರ್ತಿ ಮೇಲಕ್ಕೆ, ವಾಲ್ಯೂಮನ್ನು ಮಧ್ಯಕ್ಕೆ ಇಡಿ. ಮುಗಿದಮೇಲೆ ಸಬ್ಬಿನ ಮಟ್ಟ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ ರಿಸೀವರಿಗೆ ಇಳಿಸಲು ಇನ್ನು ಜಾಗವಿಲ್ಲ ಎಂದರ್ಥ; ಸಬ್ಬಿನ ವಾಲ್ಯೂಮ್ ತಿರುಗಣೆ ತಗ್ಗಿಸಿ ಮತ್ತೆ ಅಳೆಯಿರಿ.

ಕ್ಯಾಲಿಬ್ರೇಷನ್ ಕೈಲಾಗದ್ದೂ ಒಂದಿದೆ. ಗೋಡೆಯಿಂದ ಮರಳಿದ ಅಲೆ ನೇರ ಬಂದ ಅಲೆಯನ್ನೇ ನುಂಗಿಹಾಕುವ ತಾಣಗಳು ಎಲ್ಲ ಕೋಣೆಯಲ್ಲೂ ಇರುತ್ತವೆ. ನಿಮ್ಮ ಕುರ್ಚಿ ಅಂಥಲ್ಲಿದ್ದರೆ ಅಲ್ಲಿ ಹತ್ತು ಡೆಸಿಬೆಲ್ ಏರಿಸಲು ಆಂಪ್ಲಿಫಯರಿಗೆ ಹತ್ತು ಪಟ್ಟು ಶಕ್ತಿ ಬೇಕು. ಕೊಟ್ಟರೂ ಮರಳುವ ಅಲೆಯೂ ಅಷ್ಟೇ ಬೆಳೆದು ಮತ್ತೆ ನುಂಗುತ್ತದೆ. ಇಲ್ಲಿ ಜಾಗ ಬದಲಿಸುವುದೊಂದೇ ದಾರಿ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ತುಂಬಿದ ಹಾಡು ಹಾಕಿ, ಗೋಡೆಯುದ್ದಕ್ಕೂ ಮಂಡಿಯೂರಿ ಸಾಗುತ್ತಾ ಆಲಿಸಿ. ಬೇಸ್ ಎಲ್ಲಿ ಒಂದೇ ಸಮನಾಗಿ ಕೇಳಿಸುತ್ತದೋ ಅಲ್ಲಿಗೆ ಸಬ್ಬನ್ನು ಸಾಗಿಸಿ. ಆಮೇಲೆ ಮೈಕ್ ಇಟ್ಟು ಮೊದಲಿನಿಂದ ಅಳೆಯಿರಿ.