ಶುಕ್ರವಾರ ಸಂಜೆ ಐದೂವರೆಯ ಸಂದೇಶ

“ಮೇಡಂ, ನಾನು ಸಿಗರೇಟು ಸೇದುವವನಲ್ಲ.”

ತಲೆನೋವೆಂದು ಬಂದಿದ್ದ ಇಪ್ಪತ್ಮೂರರ ಹುಡುಗ ಹೇಳಿದ್ದು ಸುಳ್ಳಾಗಿರಲಿಲ್ಲ. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಪುಟ್ಟ ಯಂತ್ರವನ್ನು ಅವನ ಕೈಗಿಟ್ಟು, ಹದಿನೈದು ಸೆಕೆಂಡು ಉಸಿರು ಹಿಡಿದು ನಿಧಾನವಾಗಿ ಊದಲು ಹೇಳಿದೆ. ಸೇದದವರಲ್ಲಿ ಆರರೊಳಗೆ ಇರಬೇಕಾದ ಅಂಕಿ 34ಕ್ಕೆ ಹೋಗಿ ನಿಂತಿತು. ಯಂತ್ರ ಕೆಟ್ಟಿರಬೇಕು ಎಂದ. ಕೊಳವೆ ಬದಲಿಸಿ ನಾನೇ ಊದಿ ತೋರಿಸಿದೆ: 2. ಆಗ ಮಾತು ಹೊರಬಂತು. ಮಧ್ಯಾಹ್ನ ಗೆಳೆಯನ ಕೋಣೆಯಲ್ಲಿ ನಾಲ್ವರು ಸೇರಿ ಎರಡು ಗಂಟೆ ಹುಕ್ಕಾ ಎಳೆದಿದ್ದರು. “ಅದು ಬರೀ ಫ್ಲೇವರ್ ಅಲ್ಲವೇ? ನೀರಿನಲ್ಲಿ ಸೋಸಿ ಬರುತ್ತದಲ್ಲ?”

ಈ ನೀರಿನ ನಂಬಿಕೆಯೇ ನಮಗೆ ಎದುರಾಗುವ ಮೊದಲ ಗೋಡೆ. ತಳದ ನೀರು ಹೊಗೆಯನ್ನು ತಣ್ಣಗಾಗಿಸುತ್ತದೆ, ಶುದ್ಧಗೊಳಿಸುವುದಿಲ್ಲ. ತಂಪಾದ ಸಿಹಿ ಹೊಗೆ ಗಂಟಲನ್ನು ಕೆರೆಯುವುದಿಲ್ಲವಾದ್ದರಿಂದ ಇನ್ನಷ್ಟು ಆಳಕ್ಕೆ ಎಳೆದುಕೊಳ್ಳುತ್ತಾರೆ. ಸಿಗರೇಟು ಐದಾರು ನಿಮಿಷದಲ್ಲಿ, ಹತ್ತು ಹನ್ನೆರಡು ದಮ್ಮಿನಲ್ಲಿ ಮುಗಿಯುತ್ತದೆ. ಹುಕ್ಕಾದ ಒಂದು ಬೈಠಕ್ 20ರಿಂದ 80 ನಿಮಿಷ, 50ರಿಂದ 200 ದಮ್ಮು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದ್ದಾರೆ. ಒಂದೊಂದು ದಮ್ಮೂ ಸಿಗರೇಟಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದರ ಮೇಲೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತ ಉರಿಯುವ ಇದ್ದಿಲು ಬೇರೆ. ತಂಬಾಕಿಲ್ಲದ ‘ಹರ್ಬಲ್’ ಪುಡಿ ತುಂಬಿದರೂ ಇದ್ದಿಲು ಇದ್ದಿಲೇ. ತಲೆ ಹಗುರಾಯಿತು, ಸುತ್ತಿ ಬಂದಂತಾಯಿತು ಎಂದು ಹುಡುಗರು ಖುಷಿಪಡುವ ಗಳಿಗೆಯಲ್ಲಿ, ನಿಕೋಟಿನ್ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ರಕ್ತಕ್ಕೆ ಸೇರಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುತ್ತಿರುತ್ತದೆ.

ಚಟ ಬಿಡಿಸುವ ನನ್ನ ಕೆಲಸ ಶುರುವಾಗುವುದು ಇದನ್ನೆಲ್ಲ ತಿಳಿಸಿದ ಮೇಲೆ. ತಿಳಿದವರೆಲ್ಲ ಬಿಡುವುದಿಲ್ಲ. ಹುಕ್ಕಾ ಒಂಟಿಯಾಗಿ ಹಿಡಿಯುವ ಚಟವಲ್ಲ, ಕೂಟದ ಚಟ. ನಾಲ್ಕು ಶತಮಾನಗಳ ಹಿಂದೆಯೂ ಹಾಗೆಯೇ ಇತ್ತು. 1604ರ ಸುಮಾರಿಗೆ ನಮ್ಮ ಬಿಜಾಪುರದಿಂದಲೇ ತಂಬಾಕನ್ನೂ ಕೊಳವೆಯನ್ನೂ ಅಕ್ಬರನ ಆಸ್ಥಾನಕ್ಕೆ ಒಯ್ದ ರಾಯಭಾರಿ ಅಸದ್ ಬೇಗ್ ಅದನ್ನೆಲ್ಲ ಬರೆದಿಟ್ಟಿದ್ದಾನೆ. ಪರೀಕ್ಷಿಸದ ವಸ್ತುವೆಂದು ವೈದ್ಯರು ತಡೆದರು. ಬಾದಶಹ ರುಚಿ ನೋಡಿ ಅಲ್ಲಿಗೇ ಕೈಬಿಟ್ಟ. ಆದರೆ ಅಮೀರರು ಒಬ್ಬರನ್ನು ನೋಡಿ ಒಬ್ಬರು ಹಿಡಿದರು. ಮುಂದೆ ನಮ್ಮ ಬೀದರಿನ ಕುಶಲಕರ್ಮಿಗಳು ಬಿದ್ರಿ ಕೆಲಸದ ಹುಕ್ಕಾ ತಳಗಳನ್ನೇ ಮಾಡಿದರು; ಇಂದಿಗೂ ಅವು ವಸ್ತುಸಂಗ್ರಹಾಲಯಗಳಲ್ಲಿ ಹೊಳೆಯುತ್ತಿವೆ.

ಹಾಗಾಗಿ ನನ್ನ ಮುಂದೆ ಕೂರುವ ಹುಡುಗ ಅಥವಾ ಹುಡುಗಿ ಬಿಡಬೇಕಾಗಿರುವುದು ಬರೀ ಹೊಗೆಯನ್ನಲ್ಲ. ಶುಕ್ರವಾರ ರಾತ್ರಿಯನ್ನು, ಒಂದು ಗುಂಪನ್ನು, ನಳಿಕೆ ತನ್ನ ಕೈಗೆ ಬಂದಾಗ ಸಿಗುವ ಸೇರಿಕೆಯ ಭಾವವನ್ನು. ಆ ಹೊತ್ತಿನಲ್ಲಿ ನಾನು ಅಲ್ಲಿರುವುದಿಲ್ಲ. ಜೇಬಿನಲ್ಲಿರುವುದು ಮೊಬೈಲ್ ಮಾತ್ರ. ಅದಕ್ಕೇ ನಾವು ಅದಕ್ಕೆ ಸಂದೇಶ ಕಳುಹಿಸುತ್ತೇವೆ.

ಸಂದೇಶದಿಂದ ಚಟ ಬಿಡುವುದುಂಟೇ ಎಂದು ಹಿರಿಯ ವೈದ್ಯರೂ ನನ್ನನ್ನು ಕೇಳಿದ್ದಾರೆ. ಬ್ರಿಟನ್ನಿನಲ್ಲಿ 5,800 ಸಿಗರೇಟು ವ್ಯಸನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೆರವಿನ ಸಂದೇಶ ಪಡೆದವರಲ್ಲಿ ಆರು ತಿಂಗಳ ಬಳಿಕ ಶೇ 10.7 ಮಂದಿ ಬಿಟ್ಟಿದ್ದರು, ಪಡೆಯದವರಲ್ಲಿ ಶೇ 4.9. ಅವರು ಬಾಯಿಮಾತನ್ನು ನಂಬಿ ಕೂರಲಿಲ್ಲ, ಪರೀಕ್ಷೆ ಮಾಡಿ ನೋಡಿದ್ದರು. ಅಮೆರಿಕದಲ್ಲಿ 18ರಿಂದ 30ರ ವಯಸ್ಸಿನ ಹುಕ್ಕಾ ಸೇದುವವರಿಗೇ ಆರು ವಾರ ಸಂದೇಶ ಕಳುಹಿಸಿ ನೋಡಿದ ಅಧ್ಯಯನ 2021ರಲ್ಲಿ ಬಂತು. ಅವರವರ ಉತ್ತರಗಳಿಗೆ ಹೊಂದಿಸಿ ಬರೆದ ಸಂದೇಶ ಪಡೆದವರಲ್ಲಿ ಆರು ತಿಂಗಳಿಗೆ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಬಿಟ್ಟಿದ್ದರು. ಏನೂ ಪಡೆಯದ ಗುಂಪಿನಲ್ಲಿ ಮೂರನೆಯ ಒಂದು ಭಾಗ. ವಾರಕ್ಕೊಮ್ಮೆ ಸೇದುವವರಲ್ಲಿ ನಿಕೋಟಿನ್ ಹಿಡಿತ ಇನ್ನೂ ಸಡಿಲವಾಗಿರುತ್ತದೆ. ಆ ಸಡಿಲಿನಲ್ಲೇ ಕೈ ಹಾಕಬೇಕು. ನಮ್ಮ ದೇಶದಲ್ಲೂ 2016ರ ಜನವರಿಯಿಂದ ಕೇಂದ್ರ ಆರೋಗ್ಯ ಇಲಾಖೆಯ ಎಂ-ಸೆಸೇಶನ್ ಯೋಜನೆಯಿದೆ. ಮಿಸ್ಡ್ ಕಾಲ್ ಕೊಟ್ಟವರಿಗೆ ತಂಬಾಕು ಬಿಡಲು ಸಂದೇಶಗಳು ಬರುತ್ತವೆ.

ನಾವು ಮೊದಮೊದಲು ಮಾಡಿದ ತಪ್ಪನ್ನು ಹೇಳಲೇಬೇಕು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಧಾಟಿಯ ಸಂದೇಶ ಕಳುಹಿಸುತ್ತಿದ್ದೆವು. ಒಬ್ಬರೂ ಉತ್ತರಿಸಲಿಲ್ಲ. ಒಬ್ಬ ಹುಡುಗಿ ಮುಂದಿನ ಭೇಟಿಯಲ್ಲಿ ಮೆಲ್ಲಗೆ ಹೇಳಿದಳು: “ಅದು ನನಗಲ್ಲ ಎಂದುಕೊಂಡೆ ಮೇಡಂ. ಸೋಮವಾರ ನಾನು ಸೇದುವುದೇ ಇಲ್ಲ.” ತನ್ನನ್ನು ಧೂಮಪಾನಿ ಎಂದು ಭಾವಿಸದವಳಿಗೆ, ಸೇದದ ದಿನ, ಸೇದಬೇಡ ಎಂದಿದ್ದೆವು!

ಆ ಮೇಲೆ ನಾವು ಮೊದಲು ಕೇಳುವುದು ಎರಡೇ ಪ್ರಶ್ನೆ. ಯಾವ ದಿನ, ಎಷ್ಟು ಹೊತ್ತಿಗೆ ಗುಂಪು ಸೇರುತ್ತದೆ? ನಿನ್ನ ಫೋನನ್ನು ಮನೆಯಲ್ಲಿ ಇನ್ಯಾರು ನೋಡುತ್ತಾರೆ? ಎರಡನೆಯದು ಚಿಕ್ಕದೆನಿಸಬಹುದು. ಆದರೆ ಪರದೆಯ ಮೇಲೆ ‘ಹುಕ್ಕಾ’ ಎಂಬ ಒಂದು ಪದ ಮಿನುಗಿ ಅದು ತಾಯಿಯ ಕಣ್ಣಿಗೆ ಬಿದ್ದರೆ ಆ ಮಗು ಮತ್ತೆಂದೂ ನಮ್ಮ ಬಳಿ ಬರುವುದಿಲ್ಲ. ಆದ್ದರಿಂದ ಪದವನ್ನು ಅವರೇ ಆರಿಸಿಕೊಳ್ಳುತ್ತಾರೆ. ತಲೆನೋವೆಂದು ಬಂದಿದ್ದ ಆ ಹುಡುಗ ಆರಿಸಿದ್ದು ‘ಕೊಳಲು’.

ಅವನ ಗುಂಪು ಸೇರುವುದು ಶುಕ್ರವಾರ ಏಳಕ್ಕೆ. ಐದೂವರೆಗೆ ಸಂದೇಶ ಹೋಯಿತು: ‘ಇಂದು ಕೊಳಲು ಕೈಗೆ ಬಂದರೆ ಏನು ಹೇಳುತ್ತೀಯ? ಈಗಲೇ ಬರೆದು ಕಳುಹಿಸು.’ ಅರ್ಧ ಗಂಟೆ ಮೌನ. ಆಮೇಲೆ ಉತ್ತರ: ‘ಗಂಟಲು ಸರಿಯಿಲ್ಲ ಎನ್ನುತ್ತೇನೆ.’ ನಾವು ಮತ್ತೆ ಕೇಳಿದೆವು: ‘ಮುಂದಿನ ವಾರ?’ ಹತ್ತು ನಿಮಿಷದ ಮೇಲೆ ಬಂತು: ‘ಬಿಟ್ಟಿದ್ದೇನೆ ಎನ್ನಲು ನಾಚಿಕೆ.’ ಎರಡು ಸಮಾಲೋಚನೆಗಳಲ್ಲಿ ನನ್ನೆದುರು ಬಾರದ ಆ ಮಾತು ಬೆರಳತುದಿಯಲ್ಲಿ ಬಂತು. ಮುಖ ನೋಡಿ ಹೇಳಲಾಗದ್ದನ್ನು ಬರೆಯಲು ಆಗುತ್ತದೆ. ಸಂದೇಶದ ನಿಜವಾದ ಬಲ ನನಗೆ ಕಂಡದ್ದು ಅಲ್ಲಿ.

ಹೊತ್ತಿನಷ್ಟೇ ಅಳತೆಯೂ ಮುಖ್ಯ. ಎರಡು ಸಾಲು ಮೀರಿದರೆ ಓದುವುದಿಲ್ಲ. ಕೊಳೆತ ಬಾಯಿಯ ಚಿತ್ರ ಕಳುಹಿಸಿದರೆ ನಂಬರನ್ನೇ ತಡೆಹಿಡಿಯುತ್ತಾರೆ. ಭಯಕ್ಕಿಂತ ಲೆಕ್ಕ ಹೆಚ್ಚು ನಾಟುತ್ತದೆ: ‘ಕಳೆದ ಶುಕ್ರವಾರ ನಿನ್ನ ಯಂತ್ರದ ಅಂಕಿ 34. ನಾಳೆ ಬೆಳಿಗ್ಗೆ ಬಂದು ಊದುತ್ತೀಯಾ?’ ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡುವುದು ಸುಲಭವಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಸಂಸ್ಥೆಗಳು ಎಸ್‌ಎಂಎಸ್‌ನ ಮಾದರಿಯನ್ನು ಮೊದಲೇ ನೋಂದಾಯಿಸಬೇಕು. ವಂಚಕರನ್ನು ತಡೆಯಲು ಅದು ಬೇಕು, ಸರಿ. ಆದರೆ ಅಂಥ ಅಚ್ಚಿನಲ್ಲಿ ‘ಕೊಳಲು’ ಹುಟ್ಟುವುದಿಲ್ಲ. ಅದಕ್ಕೆ ನಾವು ಒಪ್ಪಿಗೆ ಪಡೆದು ವಾಟ್ಸ್‌ಆ್ಯಪ್ ಬಳಸುತ್ತೇವೆ, ಉತ್ತರಿಸಲು ಒಬ್ಬ ಸಮಾಲೋಚಕರು ಕೂತಿರುತ್ತಾರೆ. ಉತ್ತರಿಸುವ ಮನುಷ್ಯರಿಲ್ಲದ ಸೇವೆಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ಮೂರನೆಯ ವಾರ ಅವನು ಜಾರಿದ. ಶನಿವಾರ ಬೆಳಗಿನ ನಮ್ಮ ಸಂದೇಶಕ್ಕೆ ಉತ್ತರವಿಲ್ಲ, ಭಾನುವಾರವೂ ಇಲ್ಲ. ಇಲ್ಲಿ ಆಡುವ ಒಂದು ಮಾತು ಎಲ್ಲವನ್ನೂ ಕೆಡಿಸಬಲ್ಲದು. ‘ಯಾಕೆ ಹೀಗೆ ಮಾಡಿದೆ?’ ಎಂದರೆ ಮುಗಿಯಿತು. ‘ಎಷ್ಟು ಎಂದು ಕೇಳುವುದಿಲ್ಲ. ಕೊಳಲು ಕೊಟ್ಟವರು ಯಾರು ಎಂದು ಮಾತ್ರ ಹೇಳು’ ಎಂದು ಬರೆದೆವು. ಸೋಮವಾರ ಉತ್ತರ ಬಂತು. ಕೊಟ್ಟವನು ಕೋಣೆಯ ಜೊತೆಗಾರ. ಮುಂದಿನ ಭೇಟಿಗೆ ಇಬ್ಬರೂ ಬಂದರು. ಜೊತೆಗಾರನೂ ಊದಿದ, ಅಂಕಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಪ್ರತಿದಿನ ಸೇದುವವರಿಗೆ, ಬೆಳಿಗ್ಗೆ ಎದ್ದೊಡನೆ ಬೇಕೆನಿಸುವವರಿಗೆ ಸಂದೇಶವೊಂದೇ ಸಾಲದು. ಅವರಿಗೆ ವೈದ್ಯರ ಸಲಹೆಯಂತೆ ನಿಕೋಟಿನ್ ಬದಲಿ ಚಿಕಿತ್ಸೆ ಬೇಕಾಗಬಹುದು. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356ಕ್ಕೆ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರಗಳಲ್ಲೊಂದು; ಕನ್ನಡದಲ್ಲಿ ಮಾತಾಡಬಹುದು.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. 2025ರಲ್ಲಿ ಜಾರಿಯಾದ ತಿದ್ದುಪಡಿ ಕಾಯ್ದೆ ಹುಕ್ಕಾ ಬಾರ್ ನಡೆಸುವವರಿಗೆ ಜೈಲು ಶಿಕ್ಷೆ ವಿಧಿಸುತ್ತದೆ, ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಕೆಫೆಯಿಂದ ಹೊರಬಿದ್ದ ಹುಕ್ಕಾ ಹುಡುಗರ ಕೋಣೆಗೆ ಬಂದು ಕೂತಿರುವುದನ್ನು ನನ್ನಲ್ಲಿಗೆ ಬರುವವರ ಮಾತಿನಲ್ಲಿ ಕೇಳುತ್ತಿದ್ದೇನೆ. ಕಿಟಕಿ ಮುಚ್ಚಿ, ವಾಸನೆ ಮಾಲೀಕರಿಗೆ ತಿಳಿಯದಿರಲೆಂದು ಬಾಗಿಲ ಸಂದಿಗೆ ಬಟ್ಟೆ ತುರುಕಿ, ಒಳಗೆ ಇದ್ದಿಲು ಉರಿಸುತ್ತಾರೆ. ಆ ಕೋಣೆಯಲ್ಲಿ ಯಾರಿಗಾದರೂ ತಲೆ ಸಿಡಿದರೆ, ವಾಂತಿಯಾದರೆ, ಕಣ್ಣು ಕತ್ತಲಿಟ್ಟರೆ ತಕ್ಷಣ ಅವರನ್ನು ಹೊರಗಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಈ ಎರಡು ಸಾಲನ್ನು ನಾವು ಎಲ್ಲರಿಗೂ, ಇನ್ನೂ ಬಿಡುವ ಮನಸ್ಸು ಮಾಡದವರಿಗೂ, ಮೊದಲ ದಿನವೇ ಕಳುಹಿಸುತ್ತೇವೆ.

ಆ ಹುಡುಗನದು ಈಗ ಹನ್ನೊಂದನೆಯ ವಾರ. ಐದೂವರೆಯ ಸಂದೇಶವನ್ನು ನಿಲ್ಲಿಸಲೇ ಎಂದು ಕಳೆದ ಶುಕ್ರವಾರ ಕೇಳಿದೆವು. ‘ಇನ್ನೊಂದು ತಿಂಗಳು ಇರಲಿ’ ಎಂದು ಬರೆದಿದ್ದಾನೆ.