ಡಿಸೆಕ್ಷನ್ ಟೇಬಲ್ಲಿನ ಮೇಲೆ ಕಂಡದ್ದೆಲ್ಲ ಜೀವಂತ ದೇಹದಲ್ಲಿ ಇರುವುದಿಲ್ಲ

ದಾವಣಗೆರೆಯ ಯೋಗ ಶಿಕ್ಷಕರು, ಜಿಮ್ ತರಬೇತುದಾರರು, ಫಿಜಿಯೋಥೆರಪಿ ಓದಿ ಸ್ವಂತ ಕ್ಲಿನಿಕ್ ತೆರೆದಿರುವ ತರುಣ ತರುಣಿಯರು, ಮಾಲೀಶನ್ನೇ ವೃತ್ತಿ ಮಾಡಿಕೊಂಡವರು ಈಚಿನ ವರ್ಷಗಳಲ್ಲಿ ಶವಚ್ಛೇದನದ ಆನ್‌ಲೈನ್ ತರಗತಿಗಳಿಗೆ ಸೇರುತ್ತಿದ್ದಾರೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅಂಗರಚನಾಶಾಸ್ತ್ರ ಕಲಿಸುವ ನನಗೆ ಇದು ನಿಜವಾಗಿಯೂ ಸಂತೋಷದ ಸಂಗತಿ. ಬೆಳಿಗ್ಗೆ ಕುಂದವಾಡ ಕೆರೆಯ ಬಳಿ ಆಸನ ಹೇಳಿಕೊಡುವವರು ರಾತ್ರಿ ಮನೆಯಲ್ಲಿ ಕುಳಿತು ಭುಜದ ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳನ್ನು ಒಂದೊಂದಾಗಿ ನೋಡಬಹುದೆಂದರೆ, ಅದರ ಲಾಭ ಕೊನೆಗೆ ಅವರ ಮುಂದೆ ಚಾಪೆ ಹಾಸಿ ಕೂರುವವರಿಗೇ ತಲುಪುತ್ತದೆ. ಆದರೆ ಈ ತರಗತಿ ಮುಗಿಸಿ ನನ್ನ ಬಳಿ ಸಂದೇಹ ಕೇಳಲು ಬರುವವರಲ್ಲಿ ಬಹುತೇಕರು ಒಂದೇ ಮಾತನ್ನು ಹೊತ್ತು ತರುತ್ತಾರೆ: "ಕಣ್ಣಾರೆ ನೋಡಿದ್ದೀನಿ ಸರ್, ಎರಡು ಮಸಲ್ ನಡುವೆ ಪೂರ್ತಿ ಅಂಟಿಕೊಂಡಿತ್ತು. ನಮ್ಮ ಹತ್ರ ಬರೋರಿಗೂ ಹಾಗೇ ಅಂಟಿರುತ್ತೆ, ಅದನ್ನ ಒತ್ತಿ ಬಿಡಿಸಿದರೆ ನೋವು ಹೋಗುತ್ತೆ."

ಕಣ್ಣಾರೆ ನೋಡಿದ್ದು ಸುಳ್ಳಲ್ಲ. ನೋಡಿದ್ದಕ್ಕೆ ಅವರು ಕೊಟ್ಟುಕೊಂಡ ಅರ್ಥ ಮಾತ್ರ ತಪ್ಪು. ಎಷ್ಟು ಸಲ ಹೇಳಿದರೂ ಈ ಒಂದು ವಿಷಯ ಮನಸ್ಸಿಗೆ ಇಳಿಯುತ್ತಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಪರದೆಯ ಮೇಲೆ ಕಾಣುವ ದೇಹ ಹೇಗೆ ಸಿದ್ಧವಾಗುತ್ತದೆ ಎಂಬಲ್ಲಿಂದ ಆರಂಭಿಸಬೇಕು. ಉಸಿರು ನಿಂತ ಕೆಲವು ಗಂಟೆಗಳಲ್ಲಿ ಸ್ನಾಯುಗಳಲ್ಲಿ ಶಕ್ತಿಯ ಮೂಲವಾದ ಎಟಿಪಿ ಮುಗಿದು, ಅವು ಸಡಿಲಗೊಳ್ಳಲಾರದೆ ಸೆಡೆತುಕೊಳ್ಳುತ್ತವೆ. ಕೊಳೆಯುವಿಕೆ ಶುರುವಾದಂತೆ ಆ ಸೆಡೆತ ಬಿಡುತ್ತದೆ. ಕೊಳೆಯುವುದನ್ನು ತಡೆಯಲು ನಾವು ತೊಡೆಯ ಅಥವಾ ಕತ್ತಿನ ಅಪಧಮನಿಯ ಮೂಲಕ ಫಾರ್ಮಲಿನ್ ಬೆರೆತ ದ್ರಾವಣವನ್ನು ಹಾಯಿಸುತ್ತೇವೆ. ಫಾರ್ಮಲಿನ್ ಮಾಡುವ ಕೆಲಸವೇ ಪ್ರೋಟೀನುಗಳನ್ನು ಒಂದಕ್ಕೊಂದು ಬಂಧಿಸಿ ಕದಲದಂತೆ ನಿಲ್ಲಿಸುವುದು. ಹಾಗೆ ಬಂಧಿಸಿದ ಮೇಲೆ ಸ್ನಾಯು ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ, ಕೀಲು ಬಗ್ಗುವುದು ಕಡಿಮೆಯಾಗುತ್ತದೆ, ಪದರಗಳ ನಡುವಿನ ಜಾರಿಕೆ ಬಹುಮಟ್ಟಿಗೆ ಹೋಗುತ್ತದೆ. ಎಂದರೆ ಬಿಗಿತವನ್ನು ನಾವೇ ತಂದು ಇಟ್ಟಿರುತ್ತೇವೆ. ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಂರಕ್ಷಿಸಿದ ದೇಹ ಹೆಚ್ಚು ಮೃದುವಾಗಿ, ಕೀಲುಗಳು ಸಲೀಸಾಗಿ ಬಗ್ಗುವಂತೆ ಉಳಿಯುತ್ತದೆ. ಏನನ್ನೂ ಹಾಯಿಸದೆ ಶೈತ್ಯದಲ್ಲಿಟ್ಟ ದೇಹ ಇನ್ನೊಂದು ಬಗೆಯಾಗಿರುತ್ತದೆ. ಹೀಗಿರುವಾಗ ತಾನು ನೋಡುತ್ತಿರುವುದು ಇವುಗಳಲ್ಲಿ ಯಾವ ದೇಹ ಎಂಬುದನ್ನೇ ತಿಳಿಯದೆ ಬಿಗಿತದ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳುವುದು ಸರಿಯಲ್ಲ.

ಇನ್ನು ಆ "ಅಂಟು". ತೊಡೆಯ ಎರಡು ಸ್ನಾಯುಗಳನ್ನು ಬೆರಳಿನಿಂದ ಬಿಡಿಸುತ್ತ ಹೋದಾಗ ನಡುವೆ ಬಿಡಿಸಿದ ಹತ್ತಿಯಂತಹ ಬಿಳಿಯ ಎಳೆಗಳು ಕಾಣುತ್ತವೆ. ಇನ್ನಷ್ಟು ಎಳೆದರೆ ಅವು ಹಿಗ್ಗಿ, ತೆಳುವಾಗಿ, ಒಂದೊಂದೇ ಹರಿಯುತ್ತವೆ. ಕ್ಯಾಮೆರಾ ಹತ್ತಿರ ತಂದರೆ ನೋಡಲು ಬಹಳ ಪರಿಣಾಮಕಾರಿಯಾಗಿರುತ್ತದೆ. ಅದು ರೋಗವಲ್ಲ, ಗಾಯದ ಕಲೆಯಲ್ಲ, ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತದ್ದರ ಶಿಕ್ಷೆಯೂ ಅಲ್ಲ. ಎಲ್ಲ ಆರೋಗ್ಯವಂತರ ದೇಹದಲ್ಲೂ ಇರುವ ಸಡಿಲ ಸಂಯೋಜಕ ಅಂಗಾಂಶ ಅದು. ಬದುಕಿರುವಾಗ ಅದು ನೀರಿನಂಶದಿಂದ ತುಂಬಿದ್ದು, ಒಂದು ಸ್ನಾಯು ಇನ್ನೊಂದರ ಮೇಲೆ ಜಾರುವುದು ಸಾಧ್ಯವಾಗುವುದೇ ಅದರಿಂದ. ಸಣ್ಣ ರಕ್ತನಾಳಗಳೂ ನರಗಳೂ ಅದರೊಳಗೇ ಹಾದು ಹೋಗುತ್ತವೆ. ಫ್ರಾನ್ಸಿನ ಕೈ ಶಸ್ತ್ರವೈದ್ಯ ಜಾನ್ ಕ್ಲೋಡ್ ಗಿಂಬರ್ತೋ ಅವರು ಜೀವಂತ ರೋಗಿಗಳ ಚರ್ಮದಡಿ ಎಂಡೋಸ್ಕೋಪು ಇಳಿಸಿ ಚಿತ್ರೀಕರಿಸಿದ ದೃಶ್ಯಗಳಲ್ಲಿ ಇದೇ ಎಳೆಗಳು ತೇವದಿಂದ ಹೊಳೆಯುತ್ತ, ಸ್ನಾಯುರಜ್ಜು ಚಲಿಸಿದಂತೆಲ್ಲ ಹಿಗ್ಗಿ ಮರಳುವುದು ಕಾಣುತ್ತದೆ. ನಾವು ಕತ್ತರಿ, ಫೋರ್ಸೆಪ್ಸ್ ಹಿಡಿದು ತಾಸುಗಟ್ಟಲೆ ಶುಚಿಗೊಳಿಸುವುದೆಂದರೆ ಬಹುಪಾಲು ಈ ಅಂಗಾಂಶವನ್ನು ತೆಗೆದು ಬಿಸಾಡುವುದೇ ಆಗಿದೆ. ಪುಸ್ತಕದ ಚಿತ್ರದಲ್ಲಿ ಸ್ನಾಯುಗಳು ಬೇರೆಬೇರೆಯಾಗಿ ಕಾಣುವುದು ಆ ಶ್ರಮದ ಫಲ. ಅಂಥ ಚಿತ್ರವನ್ನು ಮೊದಲು ನೋಡಿ, ಆಮೇಲೆ ಮೇಜಿನ ಮೇಲೆ ಎಳೆಗಳನ್ನು ಕಂಡವರು, ಸಹಜವಾಗಿ ಇರಬೇಕಾದುದನ್ನೇ ತೊಂದರೆಯೆಂದು ಭಾವಿಸುತ್ತಾರೆ.

ಸಂರಕ್ಷಣೆಯ ವಿಧಾನ ಎಷ್ಟು ದೂರ ಕಣ್ಣನ್ನು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ 2018ರಲ್ಲಿ ನ್ಯೂಯಾರ್ಕಿನ ಸಂಶೋಧಕರ ತಂಡವೊಂದು ಪ್ರಕಟಿಸಿದ ವರದಿಯನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಪಿತ್ತನಾಳದ ಗೋಡೆಯಲ್ಲಿ, ಸ್ಲೈಡಿನ ಮೇಲೆ ಒತ್ತಾಗಿ ಹೆಣೆದಂತೆ ತೋರುತ್ತಿದ್ದ ಪದರವನ್ನು ಜೀವಂತ ದೇಹದಲ್ಲೇ ಸೂಕ್ಷ್ಮವಾಗಿ ನೋಡಿದಾಗ ಅಲ್ಲಿ ದ್ರವ ತುಂಬಿದ ಅವಕಾಶಗಳಿದ್ದವು. ಅಂಗಾಂಶವನ್ನು ಸಂಸ್ಕರಿಸುವಾಗ ದ್ರವ ಬಸಿದು ಅವು ಕುಸಿದುಬಿಡುತ್ತಿದ್ದವು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಹೇಳಿರುವ ಕ್ರಮವನ್ನೂ ಇದರ ಜೊತೆಗಿಟ್ಟು ನೋಡಬಹುದು. ದೇಹಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಬಳಿಕ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲನೆ ಉಜ್ಜುತ್ತ ಒಂದೊಂದೇ ಪದರವನ್ನು ನೋಡಬೇಕೆಂದು ಅಲ್ಲಿದೆ. ಅದು ಅಂದಿನ ಕಾಲಕ್ಕೆ ಅದ್ಭುತವಾದ ಶ್ರದ್ಧೆ. ಆದರೆ ನೀರಿನಲ್ಲಿ ನೆನೆದು ಮೃದುವಾದ ದೇಹ ಕೆಲವನ್ನು ತೋರಿಸಿ ಕೆಲವನ್ನು ಕಳೆಯುತ್ತದೆ, ಫಾರ್ಮಲಿನ್ ಹಾಯಿಸಿದ ದೇಹ ಬೇರೆ ಕೆಲವನ್ನು ತೋರಿಸಿ ಬೇರೆ ಕೆಲವನ್ನು ಮರೆಮಾಡುತ್ತದೆ.

ಒತ್ತಿ ಬಿಡಿಸುತ್ತೇವೆ ಎಂಬ ಮಾತಿನ ಎರಡನೆಯ ಅರ್ಧಕ್ಕೆ ಬರೋಣ. ಸ್ನಾಯುಗಳನ್ನು ಹೊದ್ದಿರುವ ಸಂಯೋಜಕ ಅಂಗಾಂಶದ ಪದರಕ್ಕೆ ಫ್ಯಾಸಿಯಾ ಎನ್ನುತ್ತಾರೆ. ತೊಡೆಯ ಹೊರಮಗ್ಗುಲ ದಪ್ಪ ಫ್ಯಾಸಿಯಾ ಮತ್ತು ಅಂಗಾಲಿನ ಫ್ಯಾಸಿಯಾ ಕೈಯ ಒತ್ತಡಕ್ಕೆ ಎಷ್ಟು ಬದಲಾಗಬಲ್ಲವು ಎಂದು 2008ರಲ್ಲಿ ಪ್ರಕಟವಾದ ಗಣಿತ ಮಾದರಿಯೊಂದು ಲೆಕ್ಕ ಹಾಕಿತ್ತು. ಶೇ 1ರಷ್ಟು ಬದಲಾವಣೆಗೂ ಮನುಷ್ಯನ ಕೈ ಕೊಡಬಲ್ಲ ಬಲಕ್ಕಿಂತ ಬಹಳ ಹೆಚ್ಚಿನ ಬಲ ಬೇಕೆಂಬುದು ಅದರ ಉತ್ತರ. ಮಾದರಿಗೆ ಅದರದೇ ಮಿತಿಗಳಿವೆ, ತೆಳುವಾದ ಫ್ಯಾಸಿಯಾಕ್ಕೆ ಆ ಮಾತು ಅನ್ವಯಿಸುವುದಿಲ್ಲವೆಂದು ಅದೇ ಲೇಖಕರು ಹೇಳಿದ್ದಾರೆ. ಆದರೂ ಮೊಣಕೈಯಿಂದ ಒತ್ತಿ ಉದ್ದ ಮಾಡಿದೆ ಎಂದು ಹೇಳುವ ಮುನ್ನ ಯೋಚಿಸಬೇಕು. ಹಾಗಾದರೆ ಮಾಲೀಶಿನಿಂದ ಹಾಯೆನಿಸುವುದು ಸುಳ್ಳೇ ಎಂದು ಕೇಳುತ್ತಾರೆ. ಖಂಡಿತ ಸುಳ್ಳಲ್ಲ. ನಮ್ಮೂರಿನ ಗರಡಿ ಮನೆಗಳಲ್ಲಿ ಪೈಲ್ವಾನರ ಮೈ ತಿಕ್ಕುವ ಉಸ್ತಾದರ ಕೈಗುಣವನ್ನು ನಾನು ಬಹಳ ಗೌರವಿಸುತ್ತೇನೆ. ಬಿಗಿತದ ದೊಡ್ಡ ಪಾಲು ನರಮಂಡಲ ಸ್ನಾಯುವಿಗೆ ಕೊಡುತ್ತಿರುವ ಆಜ್ಞೆಯಿಂದ ಬಂದದ್ದು. ಅರಿವಳಿಕೆ ಕೊಟ್ಟೊಡನೆ ಗಟ್ಟಿಯಾಗಿ ಹಿಡಿದಿದ್ದ ಕೈ ಅನೇಕರಲ್ಲಿ ಎಷ್ಟೋ ಸಲೀಸಾಗಿ ಮೇಲೇಳುವುದನ್ನು ಶಸ್ತ್ರವೈದ್ಯರು ದಿನವೂ ನೋಡುತ್ತಾರೆ. ಸ್ಪರ್ಶ, ಬೆಚ್ಚಗಿನ ಕೈ, ನಂಬಿಕೆ, ನಿಧಾನವಾದ ಉಸಿರು ಇವೆಲ್ಲ ಆ ಆಜ್ಞೆಯನ್ನು ಸಡಿಲಿಸಬಲ್ಲವು. ಮೇಜಿನ ಮೇಲಿನ ದೇಹದಲ್ಲಿ ಇಲ್ಲದಿರುವುದು ಅದೇ ಆಜ್ಞೆ. ಆದ್ದರಿಂದ ನೋವಿನ ಕಾರಣವನ್ನು ಅಲ್ಲಿ ಹುಡುಕುವುದಕ್ಕೆ ಬಹಳ ಮಿತಿಯಿದೆ.

ಈ ತಪ್ಪು ತಿಳಿವಳಿಕೆ ಮಾತಿನಲ್ಲೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರೊಬ್ಬರನ್ನು ಅವರ ಮಗಳು ನನ್ನಲ್ಲಿಗೆ ಕರೆತಂದಿದ್ದಳು. ಪೃಷ್ಠದಿಂದ ಕಾಲಿನವರೆಗೆ ಸೆಳೆತ. ಪೃಷ್ಠದ ಆಳದಲ್ಲಿರುವ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗೆ, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರ ಸಿಕ್ಕಿಕೊಂಡಿದೆ, ತಾನು ಡಿಸೆಕ್ಷನ್ನಿನಲ್ಲಿ ಅದನ್ನೇ ನೋಡಿದ್ದೇನೆ ಎಂದು ಒಬ್ಬರು ವಾರಗಟ್ಟಲೆ ಮೊಣಕೈ ಊರಿ ಒತ್ತಿದ್ದರು. "ಅಪ್ಪನ ಚಪ್ಪಲಿ ಕಾಲಲ್ಲಿ ನಿಲ್ಲೋದಿಲ್ಲ ಸರ್, ನಡೆಯುವಾಗ ಜಾರಿ ಹೋಗುತ್ತೆ" ಎಂದಳು ಮಗಳು. ಹೆಬ್ಬೆರಳನ್ನು ನನ್ನ ಬೆರಳಿನ ವಿರುದ್ಧ ಮೇಲೆತ್ತಲು ಹೇಳಿದೆ, ಎಡಗಡೆ ಎತ್ತಲಾಗಲಿಲ್ಲ. ಅದು ಸೊಂಟದ ಐದನೆಯ ನರಮೂಲ ಒತ್ತಡಕ್ಕೆ ಸಿಕ್ಕಿರಬಹುದೆಂಬ ಸೂಚನೆ, ಪೃಷ್ಠದ ಮೇಲೆ ಮೊಣಕೈ ಊರಿ ಸರಿಪಡಿಸುವಂಥದ್ದಲ್ಲ. ತಡಮಾಡದೆ ನರಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆ.

ಸಯಾಟಿಕ್ ನರವೂ ಪಿರಿಫಾರ್ಮಿಸ್ ಸ್ನಾಯುವೂ ಒಂದರ ಬಳಿ ಒಂದು ಇರುವುದು ಎಲ್ಲರಲ್ಲೂ ಸಹಜ. ಹೆಚ್ಚಿನವರಲ್ಲಿ ನರ ಸ್ನಾಯುವಿನ ಕೆಳ ಅಂಚಿನಿಂದ ಹೊರಬರುತ್ತದೆ, ಕೆಲವರಲ್ಲಿ ಅದರ ಒಂದು ಕವಲು ಸ್ನಾಯುವನ್ನೇ ಸೀಳಿಕೊಂಡು ಬರುತ್ತದೆ. 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ ಇಂತಹ ವ್ಯತ್ಯಾಸ ಶವಗಳಲ್ಲಿ ಶೇ 17ರ ಆಸುಪಾಸು, ನೋವಿಗಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ 16ರ ಆಸುಪಾಸು. ನೋವಿದ್ದವರಲ್ಲಿ ಹೆಚ್ಚೇನೂ ಇಲ್ಲವೆಂದ ಮೇಲೆ ವ್ಯತ್ಯಾಸವೇ ನೋವಿನ ಕಾರಣ ಎನ್ನುವುದು ಕಷ್ಟ. ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕಿನ ವಿಷಯವೂ ಹೀಗೆಯೇ. ಯಾವ ನೋವೂ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ, ಡಿಸ್ಕ್ ಉಬ್ಬಿರುವುದು ಇಪ್ಪತ್ತರ ವಯಸ್ಸಿನಲ್ಲೇ ಶೇ 30ರಷ್ಟು, ಎಂಬತ್ತರಲ್ಲಿ ಶೇ 84ರಷ್ಟು ಜನರಲ್ಲಿ ಕಂಡುಬಂದಿತ್ತು. ಒಂದೇ ದೇಹವನ್ನು, ಅದರ ರೋಗಚರಿತ್ರೆ ಗೊತ್ತಿಲ್ಲದೆ ನೋಡಿದವರು ಇದನ್ನು ನೆನಪಿಡಬೇಕು.

ಹೊಟ್ಟೆಯ ಮೂಲಕ ಸೋಆಸ್ ಸ್ನಾಯುವನ್ನು ಒತ್ತುವ ಚಾಳಿಯ ಬಗ್ಗೆ ನನಗೆ ವಿಶೇಷ ಆತಂಕವಿದೆ. ಸೊಂಟದ ಕಶೇರುಗಳ ಮಗ್ಗುಲಿಂದ ತೊಡೆಮೂಳೆಗೆ ಇಳಿಯುವ ಆ ಸ್ನಾಯು ಪರದೆಯ ಮೇಲೆ ಸ್ಪಷ್ಟವಾಗಿ ಕಾಣುವುದು ಕರುಳುಗಳನ್ನು ಪಕ್ಕಕ್ಕೆ ಸರಿಸಿಯೋ ಹೊರತೆಗೆದೋ ಆದ ಮೇಲೆ. ಜೀವಂತ ವ್ಯಕ್ತಿಯಲ್ಲಿ ನಿಮ್ಮ ಬೆರಳಿಗೂ ಅದಕ್ಕೂ ನಡುವೆ ಕರುಳಿದೆ. ಅದರ ಮುಂದೆಯೇ ಮೂತ್ರನಾಳ ಹಾದು ಹೋಗುತ್ತದೆ. ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳಗಳಿವೆ. ಹೊರ ಅಂಚಿನಲ್ಲಿ ತೊಡೆಯ ನರವಿದೆ. ಮಹಾಅಪಧಮನಿ ಕವಲೊಡೆಯುವುದು ಹೊಕ್ಕುಳಿನ ಆಸುಪಾಸಿನ ಮಟ್ಟದಲ್ಲಿ. ವಯಸ್ಸಾದವರಲ್ಲಿ ಅದು ಉಬ್ಬಿರಬಹುದು, ಅವರಿಗೇ ಅದು ಗೊತ್ತಿರದಿರಬಹುದು. ಗರ್ಭಿಣಿಯರಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ಬೆರಳಿಗೆ ಮಿಡಿತ ಸಿಕ್ಕಲ್ಲಿ ಆ ಕೆಲಸಕ್ಕೆ ಕೈಹಾಕಬಾರದೆಂದೇ ನನ್ನ ಸಲಹೆ.

ಇಷ್ಟು ಹೇಳಿದ್ದರಿಂದ ತರಗತಿಗೆ ಹೋಗಬೇಡಿ ಎಂದು ಅರ್ಥ ಮಾಡಿಕೊಳ್ಳಬಾರದು. ಯಾವುದು ಯಾವುದರ ಕೆಳಗಿದೆ, ಎಷ್ಟು ಆಳದಲ್ಲಿದೆ, ಒತ್ತಿದರೆ ಮೊದಲು ಯಾವುದಕ್ಕೆ ತಾಗುತ್ತದೆ ಎಂಬುದನ್ನು ಶವಚ್ಛೇದನದಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ. ತರಗತಿಯಲ್ಲಿ ಒಂದು ಭಾಗ ನೋಡಿದ ರಾತ್ರಿಯೇ ಆ ಭಾಗವನ್ನು ಮನೆಯವರೊಬ್ಬರ ಮೈಯಲ್ಲಿ, ಅವರ ಒಪ್ಪಿಗೆ ಪಡೆದು, ಕೈಯಿಟ್ಟು ಗುರುತಿಸಿ. ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಬಗ್ಗಿಸಿದಾಗ ನಡುವೆ ಎದ್ದು ಕಾಣುವ ರಜ್ಜು ಕೆಲವರಲ್ಲಿ ಇರುವುದೇ ಇಲ್ಲ. ನಾಲ್ಕು ಜನರ ಮಣಿಕಟ್ಟು ನೋಡಿದರೆ ದೇಹದಿಂದ ದೇಹಕ್ಕೆ ಎಷ್ಟು ಬೇರೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಹಣ ಕಟ್ಟುವ ಮುನ್ನ ದೇಹ ಯಾವ ವಿಧಾನದಲ್ಲಿ ಸಂರಕ್ಷಿಸಿದ್ದು, ಒಂದಕ್ಕಿಂತ ಹೆಚ್ಚು ದೇಹ ತೋರಿಸುತ್ತಾರೆಯೇ, ಜೀವಂತ ವ್ಯಕ್ತಿಯ ಮೇಲೂ ಅದೇ ಭಾಗ ಗುರುತಿಸಿ ತೋರಿಸುತ್ತಾರೆಯೇ, ದಾನಿ ಇಂಥ ಪ್ರಸಾರಕ್ಕೆ ಒಪ್ಪಿಗೆ ಕೊಟ್ಟಿದ್ದರೇ ಎಂದು ವಿಚಾರಿಸಿ. ನಮ್ಮ ರಾಜ್ಯದಲ್ಲಿ 1957ರ ಅಂಗರಚನಾ ಕಾಯಿದೆಯಡಿ ಕಾಲೇಜುಗಳಿಗೆ ದೇಹ ಬರುತ್ತದೆ. ಹೂಳುವ ಸಂಪ್ರದಾಯದ ಮನೆಗಳವರೂ ಹಿರಿಯರ ಇಚ್ಛೆಯಂತೆ ಸಮಾಧಿ ಬಿಟ್ಟು ದೇಹ ತಂದೊಪ್ಪಿಸುತ್ತಾರೆ. ಆದ್ದರಿಂದ ಯಾವ ದೇಶದ ದಾನಿಯಾದರೂ ಸರಿ, ಪರದೆಯ ಚಿತ್ರ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ, ನಿಮ್ಮ ಕೇಂದ್ರದ ಜಾಹೀರಾತಿಗೂ ಬಳಸಬೇಡಿ.

ನಿಮ್ಮ ಬಳಿ ಬಂದವರಿಗೆ ಪಾದ ಎತ್ತಲಾಗದಿದ್ದರೆ, ಕೂರುವ ಜಾಗದಲ್ಲಿ ಜೋಮು ಹಿಡಿದಿದ್ದರೆ, ಮೂತ್ರ ಕಟ್ಟಿದ್ದರೆ ಅಥವಾ ತಡೆಯಲಾಗದಿದ್ದರೆ, ಅವರ ಮೈ ಮೇಲೆ ಕೈಯಿಡದೆ ಅದೇ ದಿನ ಆಸ್ಪತ್ರೆಗೆ ಕಳುಹಿಸಿ. ಉಳಿದವರಿಗೆ, ಏನೋ ಅಂಟಿದೆ ಬಿಡಿಸುತ್ತೇನೆ ಎನ್ನುವ ಬದಲು, ಈ ಭಾಗ ಬಿಗಿಯಾಗಿದೆ, ಸಡಿಲವಾಗುವಂತೆ ಪ್ರಯತ್ನಿಸೋಣ, ಆಗದಿದ್ದರೆ ವೈದ್ಯರಿಗೆ ತೋರಿಸೋಣ ಎಂದು ಹೇಳಿ.