ರಿಹ್ಯಾಬ್ ಖರ್ಚು: ಮುಂಗಡ ಕಟ್ಟುವ ಮೊದಲು

ವ್ಯಸನ ಚಿಕಿತ್ಸೆಯಲ್ಲಿ ಎರಡು ಹಂತ. ಚಟ ನಿಲ್ಲಿಸಿದಾಗ ದೇಹ ಪಡುವ ಪಾಡನ್ನು ಔಷಧಿಯಿಂದ ಸಂಭಾಳಿಸುವುದು ಡಿಟಾಕ್ಸ್; ಒಂದೆರಡು ವಾರದ ಆಸ್ಪತ್ರೆ ಕೆಲಸ. ಆಮೇಲಿನ ಆಪ್ತಸಮಾಲೋಚನೆ, ಗುಂಪುಚರ್ಚೆ, ಮತ್ತೆ ಚಟಕ್ಕೆ ಬೀಳದಂತೆ ತಯಾರಿ, ಇದೆಲ್ಲ ರಿಹ್ಯಾಬ್, ತಿಂಗಳುಗಟ್ಟಲೆ ಹಿಡಿಯುತ್ತದೆ. ದುಡ್ಡಿನ ಗೊಂದಲ ಹೆಚ್ಚಾಗಿ ಹುಟ್ಟುವುದು ಎರಡನ್ನೂ ಒಂದೇ ಬಿಲ್ಲಾಗಿ ನೋಡುವುದರಿಂದ.

ಮದ್ಯದ ಡಿಟಾಕ್ಸನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ಬಿಟ್ಟರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು ಶುರುವಾಗುತ್ತದೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಎಲ್ಲಿದ್ದೇನೆ ಎಂಬುದೇ ತಿಳಿಯುವುದಿಲ್ಲ; ಪ್ರಾಣವೂ ಹೋಗಬಹುದು. ಡಯಾಜಿಪಾಮ್‌ನಂಥ ಮಾತ್ರೆ ಕೊಟ್ಟು ಅದರ ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜಿಪಾಮ್. ಜೊತೆಗೆ ಥಯಾಮಿನ್ (ಬಿ1 ವಿಟಮಿನ್) ಬೇಕೇ ಬೇಕು, ಅದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ವೈದ್ಯರಿಲ್ಲದ ಕೇಂದ್ರ ಎಷ್ಟೇ ಅಗ್ಗವಿದ್ದರೂ ಈ ಹಂತಕ್ಕೆ ಬೇಡ.

ಹೆರಾಯಿನ್ ಲೆಕ್ಕ ಬೇರೆ. ಬಿಡುವಾಗ ನರಳಾಟ ಜೋರು, ಸಾವು ಅಪರೂಪ. ಅಪಾಯ ಬಿಟ್ಟ ಮೇಲೆ. ತಾಳಿಕೆ ಇಳಿದ ದೇಹಕ್ಕೆ ಹಳೇ ಪ್ರಮಾಣವನ್ನೇ ಕೊಟ್ಟರೆ ಉಸಿರು ನಿಲ್ಲಬಹುದು. ಅದಕ್ಕೇ ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಬುಪ್ರೆನಾರ್ಫಿನ್ ಔಷಧಿಯ ಚಿಕಿತ್ಸೆ ಬಹುಕಾಲ ನಡೆಯುತ್ತದೆ. ಅದರ ಖರ್ಚನ್ನು ಮೊದಲೇ ಎತ್ತಿಡಿ.

ಈಗ ದುಡ್ಡು. ಮೊದಲ ಆಯ್ಕೆ ಸರ್ಕಾರಿ ವ್ಯವಸ್ಥೆ: ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ. ಬಿಪಿಎಲ್ ಕಾರ್ಡ್ ಕೈಯಲ್ಲಿರಲಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ಪುನರ್ವಸತಿ ಕೇಂದ್ರ ನಡೆಸುತ್ತವೆ. ಹತ್ತಿರದ್ದು ಎಲ್ಲಿದೆ ಎಂದು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಕೇಳಬಹುದು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ಮೊತ್ತದ) ಶೇ 30 ಮಾತ್ರ. ಜನ ಎಡವುವುದು ಇಲ್ಲಿ: ತುರ್ತು ಸ್ಥಿತಿ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋದರೆ ಸೌಲಭ್ಯ ಸಿಗದು. ತಿಂಗಳುಗಟ್ಟಲೆಯ ರಿಹ್ಯಾಬ್‌ಗೆ ಈ ಯೋಜನೆಯನ್ನು ನೆಚ್ಚಿಕೊಳ್ಳಬೇಡಿ. ವಿಚಾರಿಸಬೇಕಾದ್ದು ಆಸ್ಪತ್ರೆ ದಾಖಲಾತಿಯ ಪ್ಯಾಕೇಜನ್ನು.

ಖಾಸಗಿ ವಿಮೆಯದ್ದು ವಿಚಿತ್ರ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ-ಮಾದಕ ವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯೊಳಗೆ ತಂದಿದೆ. ದೇಹದ ಕಾಯಿಲೆಗಿರುವಂತೆಯೇ ಇದಕ್ಕೂ ವಿಮೆ ಇರಬೇಕು ಎನ್ನುತ್ತದೆ 21ನೇ ಸೆಕ್ಷನ್. ಆದರೆ ಪಾಲಿಸಿ ತೆಗೆದು ನೋಡಿದರೆ ‘ಎಕ್ಸ್‌ಕ್ಲ್ 12’ ಎಂಬ ಷರತ್ತಿನಡಿ ಮದ್ಯ, ಮಾದಕ ವಸ್ತು, ಅದರ ಪರಿಣಾಮ ಎಲ್ಲವನ್ನೂ ಹೊರಗಿಟ್ಟಿರುತ್ತಾರೆ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪನಿಗೆ ದೂರು ಕೊಡಿ, ಬಗೆಹರಿಯದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯಾದ ವಿಮಾ ಓಂಬುಡ್ಸ್‌ಮನ್‌ಗೆ, ಅಲ್ಲಿ ಶುಲ್ಕವಿಲ್ಲ. ಡಿಸ್ಚಾರ್ಜ್ ಸಾರಾಂಶದಲ್ಲಿ ಕಾಯಿಲೆ ಮರೆಮಾಚಲು ಮಾತ್ರ ಹೋಗಬೇಡಿ.

ಖಾಸಗಿ ಕೇಂದ್ರವಾದರೆ ಅದೇ ಕಾಯ್ದೆಯಡಿಯ ನೋಂದಣಿ ಪತ್ರ ತೋರಿಸಲು ಹೇಳಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಔಷಧಿ-ರಕ್ತಪರೀಕ್ಷೆ ತಿಂಗಳ ಶುಲ್ಕದೊಳಗೇ ಇವೆಯೇ, ನಡುವೆ ಬಿಟ್ಟುಬಂದರೆ ಮುಂಗಡ ಎಷ್ಟು ವಾಪಸ್, ಇಷ್ಟನ್ನೂ ಬರೆಸಿಕೊಳ್ಳಿ. ‘ಒಪ್ಪದಿದ್ದರೆ ಕಟ್ಟಿಹಾಕಿ ಇಟ್ಟುಕೊಳ್ಳುತ್ತೇವೆ’ ಎನ್ನುವವರ ಕೈಗೆ ರೋಗಿಯನ್ನೂ ಕೊಡಬೇಡಿ, ದುಡ್ಡನ್ನೂ ಕೊಡಬೇಡಿ. ಸರಪಳಿ ಹಾಕುವುದನ್ನು ಅದೇ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ.